ವಿದ್ಯುತ್ ಮೋಟಾರ್‌ಸೈಕಲ್‌ಗಳಲ್ಲಿ ಚಾಲನಾ ಬೆಲ್ಟ್ ಕಡಿತ

ವಿದ್ಯುತ್ ಮೋಟಾರ್‌ಸೈಕಲ್‌ನ ಮೋಟಾರಿನಿಂದ ಹಿಂಚಕ್ರಕ್ಕೆ ತಿರುಗುಬಲವನ್ನು ಮುಟ್ಟಿಸುವ ಹಲ್ಲುಬೆಲ್ಟ್ ಹರಿದು ಎರಡಾಗುವುದನ್ನು, ಇಲ್ಲವೇ ಹಲ್ಲುಗಳು ಕಿತ್ತುಹೋಗಿ ಚಕ್ರವನ್ನು ಎಳೆಯಲಾಗದೆ ಹೋಗುವುದನ್ನು ಚಾಲನಾ ಬೆಲ್ಟ್ ಕಡಿತ ಎನ್ನುತ್ತಾರೆ. ಗ್ಯಾರೇಜಿನವರ ಮಾತಿನಲ್ಲಿ ಇದು ‘ಬೆಲ್ಟ್ ಕಟ್ ಆಗುವುದು’. ಎಣ್ಣೆ ಬೇಡದ, ಸದ್ದು ಮಾಡದ, ವರ್ಷಗಟ್ಟಲೆ ಬಾಳಬಲ್ಲ ಬೆಲ್ಟ್ ಒಂದು ದಿನ ಯಾವ ಮುನ್ಸೂಚನೆಯೂ ಇಲ್ಲದೆ ಕಡಿಯಿತು ಎಂದೇ ಸವಾರರಿಗೆ ಅನಿಸುತ್ತದೆ. ಬಹುಪಾಲು ಸಂದರ್ಭಗಳಲ್ಲಿ ನಿಜ ಬೇರೆ. ಬೆಲ್ಟ್ ಕಡಿಯುವ ಗಳಿಗೆ ಒಂದು, ಅದಕ್ಕೆ ಪೆಟ್ಟು ಬಿದ್ದ ಗಳಿಗೆ ಇನ್ನೊಂದು. ಜೋಡಿಸುವಾಗ ಆದ ಒಂದು ಮಡಿಕೆ, ಬೆಲ್ಟ್ ಸುತ್ತಿಕೊಳ್ಳುವ ಹಲ್ಲುಗಾಲಿಯಾದ ಸ್ಪ್ರಾಕೆಟ್‌ಗೆ ಸಿಕ್ಕ ಒಂದು ಜಲ್ಲಿಕಲ್ಲು, ತಿಂಗಳುಗಟ್ಟಲೆ ಸಡಿಲವಾಗಿಯೇ ಓಡಿದ್ದು, ಹೀಗೆ ಎಂದೋ ಆದ ಗಾಯ ಒಳಗೊಳಗೇ ಬೆಳೆದು, ಜೋರಾಗಿ ಥ್ರಾಟಲ್ ತಿರುಗಿಸಿದ ಇನ್ಯಾವುದೋ ದಿನ ಕಡಿತವಾಗಿ ಹೊರಬರುತ್ತದೆ.

ಪೆಟ್ರೋಲ್ ಸ್ಕೂಟರ್‌ಗಳಲ್ಲಿ ಗೇರಿನ ಬದಲಿಗೆ ಇರುವ ವಿ-ಬೆಲ್ಟ್ ಬೇರೆ, ಇಲ್ಲಿ ಹೇಳುತ್ತಿರುವ ಬೆಲ್ಟ್ ಬೇರೆ. ಆ ಬೆಲ್ಟ್ ಎರಡು ಪುಲ್ಲಿಗಳ ಇಳಿಜಾರು ಗೋಡೆಗಳ ನಡುವೆ ಒತ್ತಿಕೊಂಡು ಘರ್ಷಣೆಯಿಂದ ಓಡುತ್ತದೆ, ಹೊರೆ ಹೆಚ್ಚಾದರೆ ಜಾರುತ್ತದೆ. ವಿದ್ಯುತ್ ಬೈಕಿನ ಬೆಲ್ಟ್‌ಗೆ ಹಲ್ಲುಗಳಿವೆ, ಅದು ಜಾರುವಂತಿಲ್ಲ. ಕಡಿತದ ಕಥೆಯೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ಇದೆ.

ಬೆಲ್ಟಿನ ರಚನೆ

ಹೊರಗಿನಿಂದ ನೋಡಿದರೆ ಕಪ್ಪು ರಬ್ಬರಿನ ಪಟ್ಟಿಯಂತೆ ಕಾಣುವ ಈ ಬೆಲ್ಟ್‌ನಲ್ಲಿ ಮೂರು ಭಾಗಗಳಿವೆ. ಹಲ್ಲುಗಳನ್ನೂ ಬೆನ್ನನ್ನೂ ಒಳಗೊಂಡ ಮೈ ಸಾಮಾನ್ಯವಾಗಿ ಪಾಲಿಯುರೆಥೇನ್‌ನದು. ಕೆಲವು ಬೆಲ್ಟ್‌ಗಳಲ್ಲಿ ಇದು ಕೃತಕ ರಬ್ಬರಿನದಾಗಿರುತ್ತದೆ. ಹಲ್ಲುಗಳ ಮೇಲೆ ಸವೆತ ತಡೆಯಲು ಹೊದಿಸಿದ ನೈಲಾನ್ ಬಟ್ಟೆಯ ತೆಳು ಪದರ ಎರಡನೆಯದು. ಮೂರನೆಯದು, ಬೆಲ್ಟಿನ ಜೀವವೇ ಆಗಿರುವ ಹುರಿ. ಮೈಯೊಳಗೆ ಹಲ್ಲಿನ ಬುಡಕ್ಕೆ ತುಸು ಮೇಲೆ, ಅಗಲದ ಉದ್ದಕ್ಕೂ ಸುರುಳಿಯಾಗಿ ಸುತ್ತಿದ ಸಣ್ಣ ಹುರಿಗಳೇ ಎಳೆತವನ್ನೆಲ್ಲ ಹೊರುತ್ತವೆ. ಮೊದಲು ಈ ಹುರಿಗೆ ಅರಾಮಿಡ್ ನಾರನ್ನು ಬಳಸುತ್ತಿದ್ದರು. ಈಗಿನ ಹೆಚ್ಚಿನ ಹೊರೆಯ ಬೆಲ್ಟ್‌ಗಳಲ್ಲಿ ಕಾರ್ಬನ್ ನಾರು ಇರುತ್ತದೆ. ಅರಾಮಿಡ್ ತೇವ ಹೀರಿ ಉದ್ದದಲ್ಲಿ ಏರುಪೇರಾಗುತ್ತದೆ. ಕಾರ್ಬನ್‌ಗೆ ಆ ತೊಂದರೆ ಇಲ್ಲ, ಎಳೆದರೂ ಹಿಗ್ಗುವುದು ಅತ್ಯಲ್ಪ.

ಆದರೆ ಕಾರ್ಬನ್ ಹುರಿಯ ಬಲ ಇರುವುದು ಎಳೆತದಲ್ಲಿ ಮಾತ್ರ. ತೆಂಗಿನ ನಾರಿನ ಹಗ್ಗವನ್ನು ಎಷ್ಟು ಮಡಚಿ ಗಂಟು ಹಾಕಿದರೂ ಅದಕ್ಕೆ ಏನೂ ಆಗದು. ಪೊರಕೆ ಕಡ್ಡಿಯನ್ನು ಮಡಚಿದರೆ ಲಟಕ್ಕನೆ ಮುರಿಯುತ್ತದೆ. ಕಾರ್ಬನ್ ನಾರಿನ ಸ್ವಭಾವ ಎರಡನೆಯದಕ್ಕೆ ಹತ್ತಿರ. ಮೋಟಾರಿನ ಚಿಕ್ಕ ಸ್ಪ್ರಾಕೆಟ್ ಸುತ್ತ ಲಕ್ಷಾಂತರ ಸಲ ಬಾಗಿ ಸುತ್ತಿದರೂ ಅದಕ್ಕೆ ತೊಂದರೆಯಿಲ್ಲ, ಏಕೆಂದರೆ ಆ ಬಾಗು ಅಳತೆಯೊಳಗಿನದು. ಅದಕ್ಕಿಂತ ಚೂಪಾಗಿ ಒಂದೇ ಒಂದು ಸಲ ಮಡಚಿದರೂ ಒಳಗಿನ ನಾರುಗಳು ಮುರಿಯುತ್ತವೆ. ಮೇಲಿನ ಪಾಲಿಯುರೆಥೇನ್ ಮಾತ್ರ ಮತ್ತೆ ನೆಟ್ಟಗಾಗಿ ಹೊಸದರಂತೆಯೇ ಕಾಣುತ್ತದೆ.

ಬೆಲ್ಟ್ ತುದಿಗಳಿಲ್ಲದ ಬಳೆಯಂತೆ ಅಚ್ಚಿನಲ್ಲೇ ತಯಾರಾಗುತ್ತದೆ. ಚೈನಿನಲ್ಲಿ ಒಂದು ಕೊಂಡಿ ಬಿಚ್ಚಿ ಜೋಡಿಸುವಂತೆ ಇದನ್ನು ಬಿಚ್ಚಲು ಬರುವುದಿಲ್ಲ, ಕಡಿದರೆ ಬೆಸೆಯಲೂ ಬರುವುದಿಲ್ಲ.

ಹಿನ್ನೆಲೆ

ಮೋಟಾರ್‌ಸೈಕಲ್ ಹುಟ್ಟಿದ ಕಾಲದಲ್ಲಿ ಚಕ್ರ ತಿರುಗಿಸುತ್ತಿದ್ದುದು ತೊಗಲಿನ ಬೆಲ್ಟ್. ಮಳೆ ಬಂದರೆ ಜಾರುತ್ತಿದ್ದ, ಬಿಸಿಲಿಗೆ ಹಿಗ್ಗುತ್ತಿದ್ದ ಆ ಪಟ್ಟಿಗಳ ಜಾಗವನ್ನು 1910ರ ದಶಕದಿಂದ ಚೈನ್ ಹಿಡಿಯಿತು. ಬೆಲ್ಟ್ ಮರಳಿ ಬರಬೇಕಾದರೆ ಹಲ್ಲುಬೆಲ್ಟ್ ಹುಟ್ಟಬೇಕಾಯಿತು. 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕಾಗಿ ರೂಪುಗೊಂಡ ಹಲ್ಲುಬೆಲ್ಟ್ ಮುಂದೆ ಕಾರ್ಖಾನೆಗಳಿಗೂ ಕಾರಿನ ಎಂಜಿನ್‌ಗೂ ಹರಡಿತು. ತ್ರಾಪಿಜ್ಯಾಕಾರದ ಹಲ್ಲಿನ ಬದಲು ಗುಂಡನೆಯ ಹಲ್ಲು ಬಂದ ಮೇಲೆ ಹೊರೆ ಹಲ್ಲಿನ ಬುಡದಲ್ಲೇ ಕೇಂದ್ರೀಕರಿಸದೆ ಹಂಚಿಹೋಗಿ, ದೊಡ್ಡ ತಿರುಗುಬಲವನ್ನು ಹೊರುವುದು ಸಾಧ್ಯವಾಯಿತು. ಹಾರ್ಲೆ-ಡೇವಿಡ್ಸನ್ 1980ರಲ್ಲಿ ಸ್ಟರ್ಗಿಸ್ ಎಂಬ ಮಾದರಿಗೆ ಡೆನ್ವರ್‌ನ ಗೇಟ್ಸ್ ಕಂಪನಿಯ ಹಲ್ಲುಬೆಲ್ಟ್ ಅಳವಡಿಸಿತು. ಮುಂದೆ ಅದರ ಬೈಕುಗಳಲ್ಲಿ ಬೆಲ್ಟ್ ಸಾಮಾನ್ಯವಾಯಿತು.

ವಿದ್ಯುತ್ ಬೈಕುಗಳು ಬಂದಾಗ ಬೆಲ್ಟ್‌ಗೆ ಹೊಸ ಕಾರಣವೊಂದು ಸಿಕ್ಕಿತು. ಎಂಜಿನಿನ ಗದ್ದಲವೇ ಇಲ್ಲದ ಬೈಕಿನಲ್ಲಿ ಚೈನಿನ ಕಿರಿಕಿರಿ ಸದ್ದು ಎದ್ದು ಕೇಳಿಸುತ್ತದೆ. ಎಣ್ಣೆ ಬದಲಿಸುವ ಗೊಡವೆಯೇ ಇಲ್ಲದ ವಾಹನ ಕೊಂಡವರಿಗೆ ಚೈನಿಗೆ ಎಣ್ಣೆ ಬಿಡುವ ಕೆಲಸ ಉಳಿದರೆ ಬೇಸರ. ಕ್ಯಾಲಿಫೋರ್ನಿಯಾದ ಝೀರೋ ಮೋಟಾರ್‌ಸೈಕಲ್ಸ್ ಕಂಪನಿ ಮೊದಮೊದಲ ಚೈನ್ ಬೈಕುಗಳ ನಂತರ ರಸ್ತೆಯ ಮಾದರಿಗಳಿಗೆ ಬೆಲ್ಟ್ ಹಾಕಿತು. 2019ರಲ್ಲಿ ಮಾರುಕಟ್ಟೆಗೆ ಬಂದ ಹಾರ್ಲೆಯ ಲೈವ್‌ವೈರ್ ಕೂಡ ಬೆಲ್ಟ್ ಬೈಕು. ಇಟಲಿಯ ಎನರ್ಜಿಕಾ ಚೈನನ್ನೇ ಉಳಿಸಿಕೊಂಡಿತು. ಚೀನಾದ ಸುರಾನ್ ಲೈಟ್ ಬೀ ಎಂಬ ಹಗುರ ಬೈಕಿನಲ್ಲಿ ಎರಡೂ ಇವೆ: ಮೋಟಾರಿನಿಂದ ನಡುವಿನ ಶಾಫ್ಟ್‌ಗೆ ಬೆಲ್ಟ್, ಅಲ್ಲಿಂದ ಚಕ್ರಕ್ಕೆ ಚೈನ್.

ಬೆಲ್ಟ್ ಹೊರುವ ಹೊರೆ

ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಕಲ್ಲು ಸಿಕ್ಕಿಕೊಂಡರೆ ಚಪ್ಪಟೆ ಬೆಲ್ಟ್ ಜಾರುತ್ತದೆ, ಇಲ್ಲವೇ ಪುಲ್ಲಿಯಿಂದ ಕಳಚಿ ಬೀಳುತ್ತದೆ. ಗಿರಣಿಯವನು ಮೋಟಾರು ನಿಲ್ಲಿಸಿ ಬೆಲ್ಟ್ ಮತ್ತೆ ಏರಿಸುತ್ತಾನೆ. ಆ ಜಾರುವಿಕೆಯೇ ಯಂತ್ರವನ್ನು ಕಾಯುವ ಗುಣ. ಪೆಟ್ರೋಲ್ ಬೈಕಿನಲ್ಲಿ ಈ ಕಾಯುವ ಕೆಲಸವನ್ನು ಕ್ಲಚ್ ಮಾಡುತ್ತದೆ: ಹೊರೆ ಮಿತಿ ಮೀರಿದರೆ ಫಲಕಗಳು ತುಸು ಜಾರಿ ಪೆಟ್ಟನ್ನು ನುಂಗುತ್ತವೆ. ಬಹುಪಾಲು ವಿದ್ಯುತ್ ಬೈಕುಗಳಲ್ಲಿ ಕ್ಲಚ್ ಇಲ್ಲ. ಮೋಟಾರಿನ ಒಳಗೆ ತಿರುಗುವ ರೋಟರ್‌ನಿಂದ ರಸ್ತೆಗೆ ಅಂಟಿದ ಟೈರಿನವರೆಗೆ ಜಾರಬಲ್ಲ ಕೊಂಡಿ ಒಂದೂ ಇಲ್ಲ. ಎಲ್ಲ ಪೆಟ್ಟೂ ಬೆಲ್ಟ್ ಮೂಲಕವೇ ಹಾದುಹೋಗಬೇಕು.

ಹೊರೆ ಎಷ್ಟು ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಮೋಟಾರು 100 ನ್ಯೂಟನ್ ಮೀಟರ್ ತಿರುಗುಬಲ ಕೊಡುತ್ತಿದೆ, ಮುಂದಿನ ಸ್ಪ್ರಾಕೆಟ್‌ನ ತ್ರಿಜ್ಯ 35 ಮಿ.ಮೀ. ಇದೆ ಎಂದುಕೊಳ್ಳೋಣ. ತಿರುಗುಬಲವನ್ನು ತ್ರಿಜ್ಯದಿಂದ ಭಾಗಿಸಿದರೆ ಬೆಲ್ಟಿನ ಎಳೆತ ಸಿಗುತ್ತದೆ: ಸುಮಾರು 2,860 ನ್ಯೂಟನ್. ಅಂದರೆ ಸುಮಾರು 290 ಕಿಲೋ ತೂಕ. ಎರಡು ಬೆರಳಗಲದ ಒಂದು ಪಟ್ಟಿಗೆ ಹೆಚ್ಚುಕಡಿಮೆ ಆರು ಸಿಮೆಂಟ್ ಚೀಲಗಳನ್ನು ನೇತುಹಾಕಿದಂತೆ. ನಿಂತ ಬೈಕಿನ ಥ್ರಾಟಲ್ ತಿರುಗಿಸಿದೊಡನೆ ವಿದ್ಯುತ್ ಮೋಟಾರು ತನ್ನ ಗರಿಷ್ಠ ತಿರುಗುಬಲವನ್ನು ಕೊಡಬಲ್ಲುದಾದ್ದರಿಂದ ಈ ಹೊರೆ ಮೊದಲ ಗಳಿಗೆಯಲ್ಲೇ ಬೀಳುತ್ತದೆ.

ಇದು ಸಮತಟ್ಟಾದ ರಸ್ತೆಯಲ್ಲಿ ಬೀಳುವ ಹೊರೆ. ಬೆಲ್ಟ್ ಕಡಿಯುವಂಥ ಪೆಟ್ಟು ಬೀಳುವುದು ಚಕ್ರದ ವೇಗ ಥಟ್ಟನೆ ಬದಲಾದಾಗ. ಬೈಕು ಗಂಟೆಗೆ 60 ಕಿ.ಮೀ. ವೇಗದಲ್ಲಿ ಏರೊಂದನ್ನು ಹತ್ತಿ ಹಿಂಚಕ್ರ ನೆಲ ಬಿಟ್ಟಿತು ಎನ್ನೋಣ. ಸವಾರ ಥ್ರಾಟಲ್ ಬಿಡಲಿಲ್ಲ. ಗಾಳಿಯಲ್ಲಿ ಹಿಡಿತವಿಲ್ಲದ ಚಕ್ರ ಗಂಟೆಗೆ 90 ಕಿ.ಮೀ. ಲೆಕ್ಕಕ್ಕೆ ತಿರುಗತೊಡಗುತ್ತದೆ. ಸುತ್ತಳತೆ 2 ಮೀಟರ್ ಇರುವ ಚಕ್ರ ನಿಮಿಷಕ್ಕೆ 500 ಸುತ್ತಿನಿಂದ 750ಕ್ಕೆ ಏರುತ್ತದೆ. ಹಿಂದಿನ ಸ್ಪ್ರಾಕೆಟ್‌ಗೆ 90 ಹಲ್ಲು, ಮುಂದಿನದಕ್ಕೆ 20 ಹಲ್ಲು ಇದ್ದರೆ ರೋಟರ್ ಅದರ ನಾಲ್ಕೂವರೆ ಪಟ್ಟು, ಅಂದರೆ 2,250ರಿಂದ 3,375ಕ್ಕೆ ಏರಿರುತ್ತದೆ. ಟೈರು ನೆಲ ಮುಟ್ಟಿದ ಕೂಡಲೇ ನೆಲ ಅದನ್ನು ಮತ್ತೆ 500ಕ್ಕೆ ಎಳೆದು ತರುತ್ತದೆ. ಭಾರವಾದ ರೋಟರ್ ಕೂಡ ಆ ಕಣ್ಣೆವೆಯ ಹೊತ್ತಿನಲ್ಲೇ ಸಾವಿರಕ್ಕೂ ಹೆಚ್ಚು ಸುತ್ತು ಕಳೆದುಕೊಳ್ಳಬೇಕು. ಅದನ್ನು ಹಿಡಿದೆಳೆದು ನಿಧಾನಗೊಳಿಸಬೇಕಾದ್ದು ಬೆಲ್ಟ್. ಚಕ್ರದ ಕಡೆಯಿಂದ ನೋಡಿದರೆ ರೋಟರ್‌ನ ಜಡತೆ ಗೇರ್ ಅನುಪಾತದ ವರ್ಗದಷ್ಟು ದೊಡ್ಡದಾಗಿ ಕಾಣುತ್ತದೆ: ನಾಲ್ಕೂವರೆಯ ವರ್ಗ ಸುಮಾರು 20. ಸಣ್ಣ ಮೋಟಾರಿನ ರೋಟರ್ ಕೂಡ ಇಷ್ಟು ಬಲವಾದ ಪೆಟ್ಟು ಕೊಡುವುದು ಇದರಿಂದಲೇ.

ಹಿಂದಿನ ಬ್ರೇಕು ಒತ್ತಿ ಚಕ್ರ ಬಿಗಿದುಕೊಂಡಾಗಲೂ ಇದೇ ಆಗುತ್ತದೆ. ಪೆಟ್ರೋಲ್ ಬೈಕಿನ ಸವಾರ ಕ್ಲಚ್ ಹಿಡಿದು ಎಂಜಿನನ್ನು ಬೇರ್ಪಡಿಸಬಲ್ಲ, ಇಲ್ಲಿ ಆ ಅವಕಾಶವಿಲ್ಲ. ಇನ್ನೊಂದು ವಿಶೇಷ ಹೊರೆ ರೀಜನ್‌ನದು. ಥ್ರಾಟಲ್ ಬಿಟ್ಟಾಗ ಚಕ್ರವೇ ಮೋಟಾರನ್ನು ತಿರುಗಿಸಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಓಡುವಾಗ ಬೆಲ್ಟಿನ ಮೇಲಿನ ಎಳೆ ಬಿಗಿ, ಕೆಳಗಿನದು ಸಡಿಲ. ರೀಜನ್‌ನಲ್ಲಿ ಇದು ತಿರುಗುಮುರುಗಾಗುತ್ತದೆ. ನಗರದ ಸಿಗ್ನಲ್‌ಗಳ ನಡುವೆ ದಿನಕ್ಕೆ ನೂರಾರು ಸಲ ಹೊರೆ ದಿಕ್ಕು ಬದಲಿಸಿ ಹಲ್ಲಿನ ಎರಡೂ ಮಗ್ಗುಲನ್ನು ಒತ್ತುತ್ತದೆ.

ಕಡಿತದ ಕಾರಣಗಳು

ಮಡಿಕೆ. ಒಳಗಿನ ಹುರಿ ಮುರಿಯಲು ಮುಖ್ಯ ಕಾರಣಗಳಲ್ಲೊಂದು ಬೆಲ್ಟ್ ಬೈಕಿಗೆ ಏರುವ ಮೊದಲೇ ಆಗುವಂಥದ್ದು. ಡಬ್ಬಿಯೊಳಗೆ ಒತ್ತಿ ತುರುಕಿದ್ದು, ಮೊಳೆಗೆ ನೇತುಹಾಕಿದ್ದು, ಒಳಮೈ ಹೊರಗೆ ಮಾಡಿ ತಿರುಚಿದ್ದು, ಸ್ಪ್ರಾಕೆಟ್ ಮೇಲೆ ಏರಿಸಲು ಸ್ಕ್ರೂಡ್ರೈವರ್ ಹಾಕಿ ಮೀಟಿದ್ದು, ಇವೆಲ್ಲ ಕಾರ್ಬನ್ ಹುರಿಗೆ ಮಾರಕ. ದೂರ ಪ್ರಯಾಣದ ಸವಾರರು ಎಚ್ಚರಿಕೆಗೆಂದು ಹೆಚ್ಚುವರಿ ಬೆಲ್ಟ್ ಒಯ್ಯುವುದುಂಟು. ಅದನ್ನು ಚೀಲದ ಮೂಲೆಯಲ್ಲಿ ಮಡಚಿ ಇಟ್ಟರೆ ಆಪತ್ತಿಗೆ ಆಗಬೇಕಾದ ಬೆಲ್ಟ್ ಅಲ್ಲೇ ಸತ್ತಿರುತ್ತದೆ.

ಕಲ್ಲು ಮತ್ತು ಕಸ. ಟೈರು ಎರಚಿದ ಜಲ್ಲಿ ಬೆಲ್ಟಿಗೂ ಸ್ಪ್ರಾಕೆಟ್‌ಗೂ ನಡುವೆ ಸಿಕ್ಕರೆ ಮೈಯನ್ನು ತೂತು ಮಾಡಿ ಕೆಲವು ಹುರಿಗಳನ್ನು ಕತ್ತರಿಸುತ್ತದೆ. ಉಳಿದ ಹುರಿಗಳ ಮೇಲೆ ಅವುಗಳ ಪಾಲಿನ ಹೊರೆಯೂ ಬೀಳುತ್ತದೆ. ಹಲ್ಲುಗಳ ನಡುವೆ ಗಟ್ಟಿಯಾಗಿ ಮೆತ್ತಿಕೊಂಡ ಕೆಸರು ಸ್ಪ್ರಾಕೆಟ್‌ನ ಅಳತೆಯನ್ನೇ ಹೆಚ್ಚಿಸಿದಂತಾಗಿ ಬೆಲ್ಟನ್ನು ವಿಪರೀತ ಬಿಗಿಯುತ್ತದೆ. ಮಣ್ಣುದಾರಿಯಲ್ಲಿ, ಕಾಡುಹಾದಿಯಲ್ಲಿ ಓಡುವ ಬೈಕುಗಳಲ್ಲಿ ಬೆಲ್ಟ್ ಕಡಿತ ಹೆಚ್ಚಾಗಲು ಇದೂ, ಚಕ್ರ ನೆಲ ಬಿಟ್ಟು ಇಳಿಯುವ ಪೆಟ್ಟೂ ಸೇರಿ ಕಾರಣ.

ಸಡಿಲ. ಬಿಗಿತ ಸಾಲದ ಬೆಲ್ಟ್, ಜೋರು ಹೊರೆ ಬಿದ್ದಾಗ ಚಿಕ್ಕ ಸ್ಪ್ರಾಕೆಟ್‌ನ ಹಲ್ಲುಗಳ ತಲೆ ಏರಿ ಮುಂದಿನ ತಗ್ಗಿಗೆ ಜಿಗಿಯುತ್ತದೆ. ಇದಕ್ಕೆ ‘ಹಲ್ಲು ಹಾರುವುದು’ ಎನ್ನಬಹುದು. ‘ಕಟಕಟ’ ಸದ್ದಿನಿಂದ ಇದು ತಿಳಿಯುತ್ತದೆ. ಹಲ್ಲಿನ ತಲೆ ಏರಿದಾಗ ಬೆಲ್ಟ್ ಸುತ್ತಬೇಕಾದ ದಾರಿ ಉದ್ದವಾಗಿ, ಎಳೆತ ಒಮ್ಮೆಲೇ ಬಹಳ ಏರುತ್ತದೆ. ಹುರಿ ಹಲ್ಲಿನ ಅಂಚಿನ ಮೇಲೆ ಚೂಪಾಗಿ ಬಾಗುತ್ತದೆ. ಸದ್ದು ನಿಂತಿತೆಂದು ಸಮಾಧಾನಪಡುವಂತಿಲ್ಲ. ಒಂದು ಸಲ ಹಲ್ಲು ಹಾರಿದ ಬೆಲ್ಟನ್ನು ಗಾಯಗೊಂಡ ಬೆಲ್ಟ್ ಎಂದೇ ಎಣಿಸಬೇಕು.

ಅತಿ ಬಿಗಿ. ಸಡಿಲಕ್ಕೆ ಹೆದರಿ ಮಿತಿ ಮೀರಿ ಬಿಗಿದರೆ ಹುರಿಯ ಮೇಲೆ ಸದಾ ಎಳೆತವಿದ್ದು ಬೇಗ ದಣಿಯುತ್ತದೆ. ಮೋಟಾರಿನ ಮತ್ತು ಚಕ್ರದ ಬೇರಿಂಗ್‌ಗಳೂ ಸವೆಯುತ್ತವೆ. ಹಿಂಚಕ್ರವನ್ನು ಹಿಡಿದ ಸ್ವಿಂಗ್‌ಆರ್ಮ್‌ನ ತಿರುಗುಗೂಟ ಮತ್ತು ಮೋಟಾರಿನ ಸ್ಪ್ರಾಕೆಟ್ ಒಂದೇ ನಡುಬಿಂದುವಿನಲ್ಲಿ ಇಲ್ಲದ ಬೈಕುಗಳಲ್ಲಿ ಈ ತೊಂದರೆ ಹೆಚ್ಚು. ಶಾಕ್ ಅಬ್ಸಾರ್ಬರ್ ಕುಗ್ಗಿ ಹಿಗ್ಗುವಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಬದಲಾಗುತ್ತದೆ. ಸ್ಪ್ರಾಕೆಟ್, ಗೂಟ, ಚಕ್ರದ ಅಚ್ಚು ಮೂರೂ ಒಂದೇ ಗೆರೆಗೆ ಬಂದಾಗ ಆ ದೂರ ಅತಿ ಹೆಚ್ಚು. ಸ್ಟ್ಯಾಂಡಿನ ಮೇಲೆ ಸರಿಯಾಗಿ ಬಿಗಿದಂತೆ ಕಂಡ ಬೆಲ್ಟ್, ಇಬ್ಬರು ಕೂತು ಹಳ್ಳಕ್ಕೆ ಇಳಿದಾಗ ತಂತಿಯಂತೆ ಸೆಟೆಯಬಹುದು.

ಗೆರೆ ತಪ್ಪಿದ ಚಕ್ರ. ಹಿಂಚಕ್ರ ತುಸು ಓರೆಯಾಗಿದ್ದರೂ ಬೆಲ್ಟ್ ಒಂದು ಮಗ್ಗುಲಿಗೆ ಸರಿದು ಸ್ಪ್ರಾಕೆಟ್‌ನ ಅಂಚುಗೋಡೆಯನ್ನು ಉಜ್ಜುತ್ತದೆ. ಅಂಚಿನ ಹುರಿಗಳು ನೂಲು ಬಿಟ್ಟಂತೆ ಹೊರಬರುತ್ತವೆ. ಬೆಲ್ಟಿನ ಒಂದು ಬದಿ ಮಾತ್ರ ಹೊರೆ ಹೊರುತ್ತದೆ.

ಸವೆದ ಸ್ಪ್ರಾಕೆಟ್. ಅಲ್ಯೂಮಿನಿಯಂ ಸ್ಪ್ರಾಕೆಟ್‌ನ ಗಟ್ಟಿ ಲೇಪ ಸವೆದ ಮೇಲೆ ದೂಳೇ ಉಜ್ಜುಕಾಗದದ ಕೆಲಸ ಮಾಡುತ್ತದೆ. ಹಲ್ಲು ಮೊನಚಾಗುತ್ತದೆ, ಅಂಚಿನಲ್ಲಿ ಚೂಪು ಸಿಬಿರು ಏಳುತ್ತದೆ. ಅಂಥ ಸ್ಪ್ರಾಕೆಟ್ ಮೇಲೆ ಹೊಸ ಬೆಲ್ಟ್ ಹಾಕಿದರೆ ಅದೂ ಹೆಚ್ಚು ದಿನ ಬಾಳುವುದಿಲ್ಲ.

ಪೆಟ್ಟಿನ ಹೊರೆ. ಆರೋಗ್ಯವಂತ ಬೆಲ್ಟನ್ನೂ ಒಂದೇ ಏಟಿಗೆ ಕಡಿಯುವಂಥ ಪೆಟ್ಟು ಬೀಳುವುದುಂಟು. ಹಾರಿ ಇಳಿಯುವಾಗ ಥ್ರಾಟಲ್ ಹಿಡಿದೇ ಇರುವುದು, ಜಾರುವ ನೆಲದಲ್ಲಿ ಗಿರಕಿ ಹೊಡೆಯುತ್ತಿದ್ದ ಚಕ್ರ ಥಟ್ಟನೆ ಗಟ್ಟಿ ನೆಲಕ್ಕೆ ಕಚ್ಚಿಕೊಳ್ಳುವುದು ಇದಕ್ಕೆ ಉದಾಹರಣೆ. ಹಿಂಚಕ್ರದ ಹಬ್‌ನಲ್ಲಿ ರಬ್ಬರ್ ತುಂಡುಗಳ ಕುಶ್ ಡ್ರೈವ್ ಇರುವ ಬೈಕುಗಳಲ್ಲಿ ಈ ಪೆಟ್ಟು ಸ್ವಲ್ಪ ಮೆದುವಾಗುತ್ತದೆ. ಆ ರಬ್ಬರ್ ಒಣಗಿ ಗಟ್ಟಿಯಾಗಿದ್ದರೆ ಇದ್ದೂ ಇಲ್ಲದಂತೆ.

ಕಡಿದ ತುದಿಗಳು ತಿಳಿಸುವುದು

ಕಡಿದ ಬೆಲ್ಟನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಚಾಕುವಿನಿಂದ ಕೊಯ್ದಂತೆ ಎರಡು ಹಲ್ಲುಗಳ ನಡುವೆ ಅಡ್ಡಡ್ಡ ನೇರವಾಗಿ ಕಡಿದಿದ್ದರೆ ಮೊದಲ ಅನುಮಾನ ಮಡಿಕೆಯ ಮೇಲೆ: ಒಂದೇ ಗೆರೆಯಲ್ಲಿ ಮುರಿದ ಹುರಿಗಳು ಆ ಗೆರೆಯಲ್ಲೇ ಬಿಟ್ಟುಕೊಟ್ಟಿವೆ. ತುದಿ ಓರೆಕೋರೆಯಾಗಿ, ಕಪ್ಪು ಹುರಿಗಳು ಬೇರೆ ಬೇರೆ ಉದ್ದಕ್ಕೆ ಕಿತ್ತು ಕೂದಲಿನಂತೆ ಚಾಚಿಕೊಂಡಿದ್ದರೆ ಅದು ಪೆಟ್ಟಿನ ಹೊರೆಗೆ ಹರಿದದ್ದು. ಹರಿದ ಗೆರೆಯ ದಾರಿಯಲ್ಲಿ ಕಾಳಿನ ಗಾತ್ರದ ತೂತು, ಎದುರು ಬದಿಯಲ್ಲಿ ಉಬ್ಬು ಕಂಡರೆ ಕಲ್ಲು ಕಾರಣ. ಹಲ್ಲುಗಳು ಸಾಲಾಗಿ ಬುಡಸಮೇತ ಕಿತ್ತು ಹೋಗಿದ್ದು ಪಟ್ಟಿ ಮಾತ್ರ ಉಳಿದಿದ್ದರೆ ಸಡಿಲವಾಗಿ ಓಡಿದ್ದು, ಹಲ್ಲು ಹಾರಿದ್ದು ಅಥವಾ ಸ್ಪ್ರಾಕೆಟ್ ಸವೆದದ್ದು. ಒಂದೇ ಅಂಚು ನುಣುಪಾಗಿ ಸವೆದು ನೂಲು ಬಿಟ್ಟಿದ್ದರೆ ಚಕ್ರ ಗೆರೆ ತಪ್ಪಿದೆ. ಒಂದಕ್ಕಿಂತ ಹೆಚ್ಚು ಗುರುತುಗಳು ಜೊತೆಗಿರುವುದೂ ಸಾಮಾನ್ಯ: ಕಲ್ಲಿನಿಂದ ಬಲ ಕುಂದಿದ ಬೆಲ್ಟ್ ಕೊನೆಗೆ ಒಂದು ಪೆಟ್ಟಿಗೆ ಹರಿದಿರಬಹುದು.

ಪರಿಣಾಮಗಳು

ಬೆಲ್ಟ್ ಕಡಿದ ಗಳಿಗೆಯಲ್ಲಿ ಮೋಟಾರು ಹೊರೆಯಿಲ್ಲದೆ ಸುಂಯ್ ಎಂದು ವೇಗ ಏರಿಸಿಕೊಳ್ಳುತ್ತದೆ. ಮೋಟಾರಿಗೆ ಹರಿಯುವ ವಿದ್ಯುತ್ತನ್ನು ನಿಯಂತ್ರಿಸುವ ಕಂಟ್ರೋಲರ್ ಅದನ್ನು ಮಿತಿಯಲ್ಲಿ ಹಿಡಿಯುತ್ತದೆ. ಬೈಕು ತನ್ನಷ್ಟಕ್ಕೆ ಉರುಳುತ್ತಾ ನಿಧಾನವಾಗುತ್ತದೆ. ಹೆದ್ದಾರಿಯಲ್ಲಿ ಹಿಂದೆ ಲಾರಿ ಇರುವಾಗ, ಓವರ್‌ಟೇಕ್ ಮಾಡುತ್ತಿರುವಾಗ ಎಳೆತ ಹೋಗುವುದೇ ಅಪಾಯ. ಅದಕ್ಕಿಂತ ಕಡಿಮೆ ಗಮನಕ್ಕೆ ಬರುವ ಅಪಾಯ ರೀಜನ್ ಇಲ್ಲವಾಗುವುದು. ಘಾಟಿ ಇಳಿಯುವಾಗ ಥ್ರಾಟಲ್ ಬಿಟ್ಟೇ ವೇಗ ತಡೆಯುವ ಅಭ್ಯಾಸವಾದ ಸವಾರನಿಗೆ ಆ ತಡೆ ಒಮ್ಮೆಲೇ ಮಾಯವಾಗುತ್ತದೆ. ಡಿಸ್ಕ್ ಬ್ರೇಕುಗಳು ಮಾತ್ರ ಎಂದಿನಂತೆ ಕೆಲಸ ಮಾಡುತ್ತವೆ, ಅವಕ್ಕೂ ಬೆಲ್ಟಿಗೂ ಸಂಬಂಧವಿಲ್ಲ. ಮೋಟಾರಿನ ಬಲದಿಂದ ಏರಿನಲ್ಲಿ ಬೈಕನ್ನು ಹಿಡಿದು ನಿಲ್ಲಿಸುವ ಸೌಲಭ್ಯವಿರುವ ವಾಹನಗಳಲ್ಲಿ ಬೆಲ್ಟ್ ಕಡಿದರೆ ಆ ಹಿಡಿತವೂ ಹೋಗಿ ಬೈಕು ಹಿಂದಕ್ಕೆ ಜಾರುತ್ತದೆ.

ಹರಿದ ಬೆಲ್ಟ್ ಹೆಚ್ಚಾಗಿ ರಸ್ತೆಗೆ ಬೀಳುತ್ತದೆ. ಆದರೆ ಅದು ಸ್ಪ್ರಾಕೆಟ್‌ಗೂ ಸ್ವಿಂಗ್‌ಆರ್ಮ್‌ಗೂ ನಡುವೆ ಸುತ್ತಿಕೊಂಡು ಹಿಂಚಕ್ರವನ್ನು ಬಿಗಿಯುವ ಸಾಧ್ಯತೆ ಇರುವುದರಿಂದ, ಕಡಿದ ಮೇಲೆ ಬೈಕನ್ನು ದೂರ ಉರುಳಲು ಬಿಡಬಾರದು.

ಬಿಗಿತದ ಅಳತೆ

ಬೆಲ್ಟಿನ ಆಯುಷ್ಯ ಬಹುಮಟ್ಟಿಗೆ ಬಿಗಿತದ ಕೈಯಲ್ಲಿದೆ. ಅದನ್ನು ಅಳೆಯಲು ಎರಡು ರೂಢಿಗಳಿವೆ. ಹಳೆಯದು ಒತ್ತಿ ನೋಡುವುದು: ಎರಡು ಸ್ಪ್ರಾಕೆಟ್‌ಗಳ ನಡುಮಧ್ಯೆ ಬೆಲ್ಟ್ ಮೇಲೆ ಗೊತ್ತಾದ ಬಲ ಹಾಕಿ, ಅದು ಎಷ್ಟು ಮಿ.ಮೀ. ತಗ್ಗಿತು ಎಂದು ನೋಡುವುದು. ಹಾರ್ಲೆ ಬೈಕುಗಳ ಕೈಪಿಡಿಗಳಲ್ಲಿ ಈ ಬಲ 10 ಪೌಂಡ್, ಅಂದರೆ ಸುಮಾರು 4.5 ಕಿಲೋ. ಎಷ್ಟು ತಗ್ಗಬೇಕು ಎಂಬುದು ಮಾದರಿಯಿಂದ ಮಾದರಿಗೆ ಬೇರೆ.

ಹೊಸದು ಮೀಟಿ ಕೇಳುವುದು. ತಂಬೂರಿಯ ತಂತಿಯನ್ನು ಬಿಗಿದಷ್ಟೂ ಶ್ರುತಿ ಏರುವ ಹಾಗೆ, ಬೆಲ್ಟನ್ನು ಬೆರಳಿನಿಂದ ಮೀಟಿದರೆ ಅದರ ನಾದದಲ್ಲೇ ಬಿಗಿತ ತಿಳಿಯುತ್ತದೆ. ಮೊಬೈಲಿನ ಮೈಕನ್ನು ಹತ್ತಿರ ಹಿಡಿದರೆ ಆ್ಯಪ್ ಅದನ್ನು ಹರ್ಟ್ಸ್‌ಗಳಲ್ಲಿ ತೋರಿಸುತ್ತದೆ. ಇಲ್ಲಿ ನೆನಪಿಡಬೇಕಾದ ನಿಯಮ ಒಂದಿದೆ: ಕಂಪನ ದುಪ್ಪಟ್ಟಾಗಬೇಕಾದರೆ ಎಳೆತ ನಾಲ್ಕು ಪಟ್ಟಾಗಬೇಕು. 40 ಹರ್ಟ್ಸ್ ಇರಬೇಕಾದ ಕಡೆ 50 ಬಂದರೆ ‘ಹತ್ತೇ ಹೆಚ್ಚು’ ಎಂದು ಬಿಡುವಂತಿಲ್ಲ. ಎಳೆತ ಆಗಲೇ ಅರ್ಧಕ್ಕಿಂತಲೂ ಹೆಚ್ಚು, ಸುಮಾರು ಶೇ. 56ರಷ್ಟು ಏರಿರುತ್ತದೆ.

ಯಾವ ವಿಧಾನವಾದರೂ ಚಕ್ರವನ್ನು ಕಾಲು ಸುತ್ತು ತಿರುಗಿಸುತ್ತಾ ನಾಲ್ಕಾರು ಕಡೆ ಅಳೆಯಬೇಕು, ಏಕೆಂದರೆ ಸ್ಪ್ರಾಕೆಟ್ ಕೂದಲೆಳೆಯಷ್ಟು ಓರೆಯಾಗಿದ್ದರೂ ಬಿಗಿತ ಏರಿಳಿಯುತ್ತದೆ. ಚಕ್ರದ ಅಚ್ಚನ್ನು ಹಿಡಿದಿಡುವ ಆಕ್ಸಲ್ ನಟ್ ಪೂರ್ತಿ ಬಿಗಿದ ಮೇಲೆ ಮತ್ತೊಮ್ಮೆ ನೋಡಲೇಬೇಕು. ನಟ್ ಬಿಗಿಯುವಾಗ ಚಕ್ರ ಸರಿದು, ಅಷ್ಟು ಹೊತ್ತು ಕೂತು ಹೊಂದಿಸಿದ ಅಳತೆ ತಪ್ಪಿರುವುದು ಅಪರೂಪವಲ್ಲ. ಬೈಕಿನ ಮೇಲೆ ಸವಾರ ಕೂತಿರಬೇಕೇ, ಚಕ್ರ ಎತ್ತಿರಬೇಕೇ ಎಂಬುದನ್ನು ಆಯಾ ಮಾದರಿಯ ಕೈಪಿಡಿಯಂತೆಯೇ ಪಾಲಿಸಬೇಕು.

ತಪಾಸಣೆ ಮತ್ತು ಬದಲಾವಣೆ

ಬೆಲ್ಟ್‌ಗೆ ಎಣ್ಣೆ, ಗ್ರೀಸ್, ಚೈನ್ ಸ್ಪ್ರೇ ಯಾವುದೂ ಬೇಡ. ಅವು ದೂಳನ್ನು ಹಿಡಿದಿಟ್ಟುಕೊಂಡು ಹಾನಿಯನ್ನೇ ಮಾಡುತ್ತವೆ. ನೀರು, ಮೆದು ಬ್ರಷ್, ಬೇಕಿದ್ದರೆ ತೆಳು ಸೋಪು ಸಾಕು. ತಪಾಸಣೆಯ ಹೊತ್ತಿಗೆ ನೋಡಬೇಕಾದ್ದು ಇಷ್ಟು: ಹಲ್ಲಿನ ಬುಡದಲ್ಲಿ ಬಿರುಕು, ಕಿತ್ತ ಅಥವಾ ಸವೆದ ಹಲ್ಲು, ಹೊರಬಂದ ಹುರಿ, ಅಂಚಿನ ನೂಲು, ಕಲ್ಲಿನ ತೂತು, ಸ್ಪ್ರಾಕೆಟ್ ಹಲ್ಲಿನ ಮೊನಚು. ಹುರಿ ಕಣ್ಣಿಗೆ ಕಂಡರೆ ಬೆಲ್ಟ್ ಬದಲಿಸುವ ಕಾಲ ಬಂದಿದೆ.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ವಿದ್ಯುತ್ ಬೈಕು ಚಾಲೂ ಇದ್ದರೂ ಸದ್ದು ಮಾಡುವುದಿಲ್ಲ. ಬೆಲ್ಟಿನ ಹತ್ತಿರ ಕೈ ಹೋಗುವ ಮೊದಲು ವಿದ್ಯುತ್ ಪೂರ್ತಿ ಆಫ್ ಮಾಡಿ ಕೀ ತೆಗೆದಿರಬೇಕು. ಚಕ್ರವನ್ನು ಕೈಯಿಂದ ತಿರುಗಿಸುವಾಗಲೂ ಇನ್ನೊಂದು ಕೈ ಬೆಲ್ಟ್ ಮೇಲೆ ಇರಬಾರದು. ಬೆಲ್ಟಿಗೂ ಸ್ಪ್ರಾಕೆಟ್‌ಗೂ ನಡುವೆ ಸಿಕ್ಕ ಬೆರಳನ್ನು ಹಲ್ಲುಗಳು ಬಿಡುವುದಿಲ್ಲ. ಚಕ್ರ ಒರೆಸುವ ಬಟ್ಟೆ ಸಿಕ್ಕಿ ಕೈಯನ್ನೂ ಎಳೆದುಕೊಳ್ಳಬಹುದು.

ಹೊಸ ಬೆಲ್ಟ್ ಹಾಕುವಾಗ ಆಕ್ಸಲ್ ನಟ್ ಸಡಿಲಿಸಿ, ಚಕ್ರವನ್ನು ಮುಂದಕ್ಕೆ ಸರಿಸಿ, ಬೆಲ್ಟ್ ತಾನಾಗಿ ಕೂರುವಷ್ಟು ಜಾಗ ಮಾಡಿಕೊಳ್ಳಬೇಕು. ಮೀಟಿ ಏರಿಸುವಂತಿಲ್ಲ, ಚಕ್ರ ತಿರುಗಿಸಿ ಹತ್ತಿಸುವಂತೆಯೂ ಇಲ್ಲ. ಕೆಲವು ಬೈಕುಗಳಲ್ಲಿ ಚಕ್ರವನ್ನೇ ಕಳಚಬೇಕಾಗುತ್ತದೆ. ಹೊಸ ಬೆಲ್ಟನ್ನು ಬಳೆಯಂತೆ ಬಿಡಿಸಿ ಮಟ್ಟಸವಾದ ಜಾಗದಲ್ಲಿ ಇಡಬೇಕು. ಎಲ್ಲಿಯೂ ಅದು ಮುಂದಿನ ಸ್ಪ್ರಾಕೆಟ್‌ನ ಸುತ್ತಿಗಿಂತ ಚೂಪಾಗಿ ಬಾಗಬಾರದು.

ಚೈನ್, ಹಬ್ ಮೋಟಾರು ಮತ್ತು ತಂತ್ರಾಂಶ

ಚೈನ್ ಹಿಗ್ಗುತ್ತದೆ, ಸದ್ದು ಮಾಡುತ್ತದೆ, ತುಕ್ಕು ಹಿಡಿಯುತ್ತದೆ. ಆ ಸದ್ದೂ ಹಿಗ್ಗೂ ‘ನನ್ನನ್ನು ಬದಲಿಸು’ ಎಂಬ ಸೂಚನೆಗಳೇ. ಕಲ್ಲು ಸಿಕ್ಕರೆ ಚೈನ್ ಅದನ್ನು ಪುಡಿ ಮಾಡಿ ಹಾಕುತ್ತದೆ, ಕಡಿದರೆ ದಾರಿಯಲ್ಲೇ ಒಂದು ಕೊಂಡಿ ಹಾಕಿ ಮನೆ ಮುಟ್ಟಬಹುದು. ಹೀಗಾಗಿ ಝೀರೋ ಎಫ್‌ಎಕ್ಸ್‌ನಂಥ, ಮಣ್ಣುದಾರಿಗೂ ಇಳಿಯುವ ಬೈಕುಗಳ ಸವಾರರಲ್ಲಿ ಬೆಲ್ಟ್ ತೆಗೆದು ಚೈನ್ ಹಾಕಿಸಿಕೊಳ್ಳುವ ರೂಢಿ ಇದೆ. ಸುರಾನ್ ಸವಾರರೂ ಮೊದಲ ಹಂತದ ಬೆಲ್ಟಿನ ಬದಲು ಚೈನ್ ಅಳವಡಿಸುತ್ತಾರೆ. ಟಾರು ರಸ್ತೆಯ ಸವಾರನಿಗೆ ಬೆಲ್ಟಿನ ನಿಶ್ಶಬ್ದ, ಶುಚಿ, ದೀರ್ಘಾಯುಷ್ಯ ಹೆಚ್ಚು ಒಪ್ಪುತ್ತವೆ. ಚಕ್ರದೊಳಗೇ ಕೂರುವ ಹಬ್ ಮೋಟಾರಿಗೆ ಬೆಲ್ಟೂ ಬೇಡ, ಚೈನೂ ಬೇಡ. ಆದರೆ ಚಕ್ರದ ತೂಕ ಹೆಚ್ಚುತ್ತದೆ, ಗುಂಡಿಯ ಪೆಟ್ಟು ನೇರ ಮೋಟಾರಿಗೆ ತಾಕುತ್ತದೆ.

ಬೆಲ್ಟನ್ನು ಕಾಯುವ ಇನ್ನೊಂದು ದಾರಿ ಕಂಟ್ರೋಲರ್‌ನ ತಂತ್ರಾಂಶದಲ್ಲಿದೆ. ಥ್ರಾಟಲ್ ಎಷ್ಟೇ ಜೋರಾಗಿ ತಿರುಗಿಸಿದರೂ ತಿರುಗುಬಲ ಹಂತಹಂತವಾಗಿ ಏರುವಂತೆ ಮಾಡುವುದು, ಚಕ್ರ ಹಿಡಿತ ತಪ್ಪಿ ಗಿರಕಿ ಹೊಡೆದರೆ ಬಲ ಇಳಿಸುವುದು ಸಾಧ್ಯ. 2019ರ ಝೀರೋ ಎಸ್‌ಆರ್/ಎಫ್‌ನಲ್ಲಿ ಬಂದ ಬಾಷ್ ಕಂಪನಿಯ ಸ್ಥಿರತಾ ನಿಯಂತ್ರಣ ವ್ಯವಸ್ಥೆ ಸವಾರನ ಸುರಕ್ಷೆಗಾಗಿ ಇರುವಂಥದ್ದು. ಗಿರಕಿ ಹೊಡೆದ ಚಕ್ರ ಥಟ್ಟನೆ ನೆಲ ಕಚ್ಚುವ ಪೆಟ್ಟನ್ನು ತಪ್ಪಿಸುವ ಮೂಲಕ ಇಂಥ ವ್ಯವಸ್ಥೆ ಬೆಲ್ಟನ್ನೂ ಕಾಯುತ್ತದೆ.

ಭಾರತದಲ್ಲಿ

ಭಾರತದಲ್ಲಿ ಹಲ್ಲುಬೆಲ್ಟ್ ಜನರ ಕೈಗೆ ಬಂದದ್ದು ಹೆಚ್ಚಾಗಿ ವಿದ್ಯುತ್ ಸ್ಕೂಟರ್‌ಗಳ ಮೂಲಕ. 2013ರಲ್ಲಿ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ ಸ್ಥಾಪಿಸಿದ ಏಥರ್ ಎನರ್ಜಿ 2018ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ತಂದ 450 ಮಾದರಿ ಬೆಲ್ಟಿನಿಂದ ಓಡುವಂಥದ್ದು. ರಿವೋಲ್ಟ್‌ನ ಆರ್‌ವಿ400 ಬೈಕಿನಲ್ಲೂ ಬೆಲ್ಟ್ ಇದೆ. ಬೆಂಗಳೂರಿನದೇ ಆದ ಅಲ್ಟ್ರಾವಯೊಲೆಟ್ 2022ರಲ್ಲಿ ಬಿಡುಗಡೆ ಮಾಡಿದ ಎಫ್77 ಬೈಕಿಗೆ ಚೈನ್ ಆರಿಸಿಕೊಂಡಿತು. ಓಲಾ ಎಲೆಕ್ಟ್ರಿಕ್ ತನ್ನ ಎಸ್1 ಸ್ಕೂಟರ್‌ಗಳ ಮೊದಲ ಪೀಳಿಗೆಗಳಲ್ಲಿ ಬೆಲ್ಟ್ ಬಳಸಿ, 2025ರ ಮೂರನೇ ಪೀಳಿಗೆಯಲ್ಲಿ ಚೈನಿಗೆ ಹೊರಳಿತು. ಟಿವಿಎಸ್ ಐಕ್ಯೂಬ್ ಹಬ್ ಮೋಟಾರಿನದು. ಒಂದೇ ದೇಶದ, ಒಂದೇ ಊರಿನ ಎಂಜಿನಿಯರ್‌ಗಳು ಬೇರೆ ಬೇರೆ ಉತ್ತರ ಕಂಡುಕೊಂಡಿರುವುದು ಈ ಪ್ರಶ್ನೆ ಇನ್ನೂ ತೆರೆದೇ ಇದೆ ಎಂಬುದನ್ನು ತೋರಿಸುತ್ತದೆ.

ನಮ್ಮ ರಸ್ತೆಗಳು ಬೆಲ್ಟಿಗೆ ಕಠಿಣ ಪರೀಕ್ಷೆ. ಗುಂಡಿ, ಉಬ್ಬು, ಕಾಮಗಾರಿ ನಡೆದಲ್ಲಿ ಚೆಲ್ಲಿದ ಜಲ್ಲಿ, ಮಳೆಗಾಲದ ಕೆಸರು, ಬೇಸಿಗೆಯ ದೂಳು, ಜೊತೆಗೆ ಇಬ್ಬರು ಸವಾರರು ಮತ್ತು ಕಾಲಬಳಿ ಅಕ್ಕಿ ಮೂಟೆ. ಪೆಟ್ರೋಲ್ ಗಾಡಿಗಳನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲ ಊರಿನ ಮೆಕ್ಯಾನಿಕ್‌ಗಳಿಗೆ ‘ಇದನ್ನು ಮಡಚಬಾರದು, ಮೀಟಬಾರದು, ಎಣ್ಣೆ ಬಿಡಬಾರದು’ ಎಂಬ ಮೂರು ಮಾತು ತಲುಪಿದರೆ ಎಷ್ಟೋ ಬೆಲ್ಟ್‌ಗಳು ಉಳಿಯುತ್ತವೆ.

ದಾರಿಯಲ್ಲಿ ಕಡಿದರೆ

ಎಳೆತ ಹೋದದ್ದು ತಿಳಿದೊಡನೆ ಥ್ರಾಟಲ್ ಬಿಟ್ಟು, ಇಂಡಿಕೇಟರ್ ಹಾಕಿ, ಉರುಳುವ ವೇಗವಿರುವಾಗಲೇ ರಸ್ತೆಯ ಎಡಬದಿಗೆ ಸರಿಯಬೇಕು. ‘ಹೋಗುತ್ತದೇನೋ’ ಎಂದು ಮತ್ತೆ ಮತ್ತೆ ಥ್ರಾಟಲ್ ತಿರುಗಿಸಿದರೆ ಹರಿದ ತುಂಡು ಸ್ಪ್ರಾಕೆಟ್‌ಗೆ ಸುತ್ತಿಕೊಳ್ಳುತ್ತದೆ. ಬೈಕನ್ನು ಆಫ್ ಮಾಡಿ, ಇಳಿಜಾರಿನ ಜಾಗವಾದರೆ ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ಬೆಲ್ಟಿನ ತುಂಡುಗಳನ್ನು ತೆಗೆಯಬೇಕು. ಬೆಲ್ಟ್ ಪೂರ್ತಿ ಹೊರಬಂದ ಮೇಲೆ ಹಿಂಚಕ್ರಕ್ಕೂ ಮೋಟಾರಿಗೂ ಸಂಬಂಧವಿರುವುದಿಲ್ಲ, ಬೈಕನ್ನು ಹಗುರವಾಗಿ ತಳ್ಳಿಕೊಂಡು ಹೋಗಬಹುದು. ಬೆಲ್ಟ್ ಹಲ್ಲು ಹಾರುತ್ತಾ ಇನ್ನೂ ಅಂಟಿಕೊಂಡಿದ್ದರೆ ಹಾಗಲ್ಲ: ಹಿಂಚಕ್ರ ನೆಲದ ಮೇಲಿಟ್ಟು ಎಳೆದೊಯ್ದರೆ ಮೋಟಾರು ತಿರುಗಿ ವಿದ್ಯುತ್ ಹುಟ್ಟುತ್ತದೆ. ಅಂಥ ಬೈಕನ್ನು ವಾಹನದ ಮೇಲೆ ಏರಿಸಿಯೇ ಒಯ್ಯಬೇಕು.

ಹರಿದ ಬೆಲ್ಟನ್ನು ರಸ್ತೆಬದಿಗೆ ಎಸೆಯದೆ ಜೊತೆಗೆ ತರಬೇಕು. ಹೊಸದು ಹಾಕುವ ಮೊದಲು ಹಳೆಯದರ ತುದಿಗಳನ್ನು ಮೆಕ್ಯಾನಿಕ್‌ಗೆ ತೋರಿಸಿ, ಪೆಟ್ಟು ಎಲ್ಲಿಂದ ಬಂತೆಂದು ಕಂಡುಕೊಳ್ಳಬೇಕು. ಕಾರಣವನ್ನು ಹಾಗೇ ಬಿಟ್ಟು ಬೆಲ್ಟ್ ಮಾತ್ರ ಬದಲಿಸಿದರೆ, ಓರೆಯಾದ ಚಕ್ರ ಓರೆಯಾಗಿಯೇ ಇರುತ್ತದೆ, ಸವೆದ ಸ್ಪ್ರಾಕೆಟ್ ಸವೆದೇ ಇರುತ್ತದೆ. ಹೊಸ ಬೆಲ್ಟಿನ ಕಡಿತ ಅದನ್ನು ಹಾಕಿದ ದಿನವೇ ಶುರುವಾಗಿರುತ್ತದೆ.